ಜೋಳದ ಹೊಲದಲ್ಲಿ ಅವ್ವನ ದನಿ

ಡಿಸೆಂಬರ್ 16, ಸೋಮವಾರ

ಬಿ.ಎಡ್. ಮಾಡುವಾಗ ಕೊಂಡಿದ್ದ ಪಾಠ ಯೋಜನೆಯ ಪುಸ್ತಕ ಇದು. ಅರ್ಧ ಖಾಲಿ ಉಳಿದಿತ್ತು. ಒಂದು ಕಾಲಮ್ಮಿನ ಮೇಲೆ ‘ಶಿಕ್ಷಕರ ಚಟುವಟಿಕೆ’, ಇನ್ನೊಂದರ ಮೇಲೆ ‘ವಿದ್ಯಾರ್ಥಿಗಳ ಚಟುವಟಿಕೆ’ ಎಂದು ಅಚ್ಚಾಗಿದೆ. ಎರಡನೆಯದರಲ್ಲಿ ಕೂಸಿನ ನಿದ್ದೆ ಬರೆಯಬೇಕು ಅಂತ ಮಾಡಿದ್ದೇನೆ. ಬರೆದಿಟ್ಟರೆ ನನ್ನ ಎದೆ ಹೊಡೆದುಕೊಳ್ಳುವುದು ಸ್ವಲ್ಪ ತಗ್ಗೀತು.

ಇವತ್ತು ಬೆಳಗ್ಗೆ 10.05ರಿಂದ 10.30. ಮಧ್ಯಾಹ್ನ 1.10ರಿಂದ 1.50. ಮಲಗಿದಾಗ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದ್ದು ಏಳು ಸಲ. ಹುಟ್ಟಿ ನಾಲ್ಕು ತಿಂಗಳು ಮೂರು ದಿನ. ನಾನು ಸರಿಯಾಗಿ ನಿದ್ದೆ ಮಾಡದೆಯೂ ಅಷ್ಟೇ ದಿನ.

ಅವ್ವನ ಪದ ಹಚ್ಚದೆ ಇದು ಕಣ್ಣು ಮುಚ್ಚುವುದಿಲ್ಲ. ಅವ್ವ ಸಾವಂತ್ರೆವ್ವ ತೀರಿಹೋಗಿ ಆರು ವರ್ಷ. ನಾನು ಹುಟ್ಟುವುದಕ್ಕೂ ಮೊದಲು, ಅವ್ವನೂ ಸೇರಿ ನನ್ನ ತವರು ಕುಬಿಹಾಳದ ಐದು ಮಂದಿ ಹೆಣ್ಣುಮಕ್ಕಳು ಹುಬ್ಬಳ್ಳಿಯ ಒಂದು ಕ್ಯಾಸೆಟ್ ಕಂಪನಿಗೆ ಹೋಗಿ ಜೋಗುಳ ಹಾಡಿ ಬಂದಿದ್ದರು. ಕ್ಯಾಸೆಟ್ಟಿನ ಮೇಲೆ ಅವರ ಹೆಸರಿಲ್ಲ, ‘ಸಂಗಡಿಗರು’ ಎಂದಷ್ಟೇ ಇದೆ. ಅದರಲ್ಲಿ ಒಂದು ಪದ ಮಾತ್ರ ಅವ್ವ ಒಬ್ಬಳೇ ಹಾಡಿದ್ದು. ತಾಳಕ್ಕೆ ತನ್ನ ಕೈಬಳೆಯನ್ನೇ ಕುಟ್ಟಿದ್ದಾಳೆ. ಬಸುರಿ ಇದ್ದಾಗ ಮೊಬೈಲಿನ ಹಾಡಿನ ಆ್ಯಪಿನಲ್ಲಿ ಅದು ಸಿಕ್ಕಿತು. ನವಲಗುಂದದ ಬಸ್ ನಿಲ್ದಾಣದಲ್ಲಿ ಎಲ್ಲರೆದುರು ಅತ್ತುಬಿಟ್ಟಿದ್ದೆ. ಹೃದಯದ ಗುರುತು ಒತ್ತಿದೆ, ‘ನನ್ನ ಸಂಗ್ರಹ’ ಎಂಬಲ್ಲಿ ಹೋಗಿ ಕೂತಿತು.

ಸಂಜೆ ಮಾವ ಗುಡದಪ್ಪ ಬಾಗಿಲಲ್ಲಿ ಕೆಮ್ಮಿ ನಿಂತರು.

“ಯವ್ವಾ ಶಿವಾನಿ, ಜ್ವಾಳ ಹಾಲ ಹಿಡದಾವ. ಗಿಳಿ ಒಂದು ತೆನಿ ಬಿಡವಲ್ವು. ನಿನ್ನ ಟ್ರಂಕಿನ್ಯಾಗ ಆ ಕ್ಯಾಸೆಟ್ ಅದಾವಲ್ಲ, ಅವುರ ರೀಲ್ ಬಿಚ್ಚಿ ಹೊಲಕ್ಕ ಕಟ್ಟಿದ್ರ ಛಲೋ ಆಕ್ಕಿತ್ತು. ಬ್ಯಾಡ ಅಂದ್ರ ಬ್ಯಾಡವಾ, ಗೊಬ್ಬರದ ಚೀಲಾನ ಹರದು ಕಟ್ಟತೇನಿ.”

ತವರಿನ ಕ್ಯಾಸೆಟ್ಟುಗಳು, ಅವ್ವನದೂ ಸೇರಿ ಇಪ್ಪತ್ತೆರಡು. ಹಾಕಲು ಟೇಪ್ ರೆಕಾರ್ಡರ್ ಮನೆಯಲ್ಲಿಲ್ಲ. “ಒಯ್ರಿ ಮಾವಾರ, ಎಲ್ಲಾ ಮೊಬೈಲ್‌ನ್ಯಾಗ ಅದಾವ” ಅಂದೆ.

ಡಿಸೆಂಬರ್ 19, ಗುರುವಾರ

ಕೂಸನ್ನು ಎತ್ತಿಕೊಂಡು ಹೊಲಕ್ಕೆ ಹೋಗಿದ್ದೆ. ಮಾವ ಬಿದಿರಿನ ಗಳದಿಂದ ಗಳಕ್ಕೆ ರೀಲನ್ನು ಬಿಗಿಯಾಗಿ ಎಳೆದು, ನಾಲ್ಕು ಸುತ್ತು ತಿರುವಿ ಕಟ್ಟಿದ್ದಾರೆ. ಗಾಳಿ ಬಂದರೆ ಹೊಲವೆಲ್ಲ ಗುಂಯ್ ಅನ್ನುತ್ತದೆ, ಬಿಸಿಲಿಗೆ ಹೊಳೆಯುತ್ತದೆ. ಗಿಳಿಗಳು ದೂರದ ಬೇವಿನ ಮರದಲ್ಲಿ ಕೂತು ಬೈಯುತ್ತಿದ್ದವು. ಕೂಸು ಕಣ್ಣರಳಿಸಿ ಕೇಳಿತು. ನನಗೂ ಚೆನ್ನಾಗಿ ಅನಿಸಿತು.

ಮಧ್ಯಾಹ್ನ 12.40ರಿಂದ 1.35. ಐವತ್ತೈದು ನಿಮಿಷ!

ತೊಟ್ಟಿಲ ಪಕ್ಕ ಮೊಬೈಲಿನಲ್ಲಿ ಪದ ಬರುತ್ತಿದ್ದಾಗ ಅತ್ತೆ ಮರೆವ್ವ ಹೊರಗೆ ಕಡಲೆ ಹಸನು ಮಾಡುತ್ತ ಕೂತಿದ್ದರು. ಪದ ಮುಗಿದ ಕೂಡಲೇ ಎಂದಿನಂತೆ ಟೂತ್‌ಪೇಸ್ಟಿನ ಜಾಹೀರಾತು ಬಂತು. ಮೊದಮೊದಲು ಕೂಸು ಬೆಚ್ಚಿ ಬೀಳುತ್ತಿತ್ತು, ಈಗ ರೂಢಿಯಾಗಿದೆ.

“ನಿಮ್ಮವ್ವ ಅಗದಿ ಛಲೋ ಹಾಡ್ಯಾಳ ಬಿಡು. ಕಡೀಕ ಹಲ್ಲು ತಿಕ್ಕೂದೊಂದ ಯಾಕ ತಂದಾಳ?”

“ಅದು ಜಾಹೀರಾತ್ರಿ ಅತ್ತಿ.”

“ಏನರ ಆಗವಲ್ದ್ಯಾಕ. ಬೊಚ್ಚಬಾಯಿ ಕೂಸಿಗೆ ಅದನ್ನ ಹೇಳಿ ಏನ್ ಉಪಯೋಗ?”

ಬಹಳ ದಿನಗಳ ಮೇಲೆ ನಕ್ಕೆ.

ಡಿಸೆಂಬರ್ 27, ಶುಕ್ರವಾರ

ಪದ ಹತ್ತುತ್ತಿಲ್ಲ. ಹೆಸರು ಕಾಣುತ್ತದೆ, ಬೂದಿ ಬಣ್ಣಕ್ಕೆ ತಿರುಗಿದೆ. ಒತ್ತಿದರೆ ‘ಈ ಹಾಡು ಈಗ ಲಭ್ಯವಿಲ್ಲ’. ನೆಟ್‌ವರ್ಕ್ ಇರಲಿಕ್ಕಿಲ್ಲವೆಂದು ಮಾಳಿಗೆ ಹತ್ತಿದೆ. ಮೊಬೈಲ್ ಆರಿಸಿ ಹಚ್ಚಿದೆ. ಆ್ಯಪ್ ತೆಗೆದು ಮತ್ತೆ ಹಾಕಿದೆ. ಬೇರೆ ಹಾಡುಗಳೆಲ್ಲ ಬರುತ್ತವೆ, ಆ ಟೂತ್‌ಪೇಸ್ಟೂ ಬರುತ್ತದೆ. ಅವ್ವ ಬರುವುದಿಲ್ಲ.

ಕೂಸು ಮಧ್ಯಾಹ್ನ ಮಲಗಲಿಲ್ಲ. ಸಂಜೆ 5.20ರಿಂದ 5.30, ಅದೂ ಅತ್ತು ಸೋತು.

ಡಿಸೆಂಬರ್ 28, ಶನಿವಾರ

ಇಲ್ಲ. 8.00, 8.40, 9.15, 11.00, 12.30, 2.00, 2.05, 4.00. ಪ್ರತಿ ಸಲವೂ ಬೂದಿ.

ಡಿಸೆಂಬರ್ 30, ಸೋಮವಾರ

ಅಣ್ಣನಿಗೆ ಫೋನು ಮಾಡಿದೆ. ತವರಿನಲ್ಲಿ ಏನೂ ಉಳಿದಿಲ್ಲ, ಇದ್ದದ್ದನ್ನೆಲ್ಲ ನನ್ನ ಟ್ರಂಕಿಗೇ ತುಂಬಿ ಕಳಿಸಿದ್ದ. ಅವ್ವನ ವಿಡಿಯೋ ಅಂತೂ ಒಂದೂ ಇಲ್ಲ. ನಾನು ಕಾಲೇಜಿನಲ್ಲಿದ್ದಾಗ ಮೊಬೈಲ್ ಎತ್ತಿದರೆ ಸಾಕು, ಸೆರಗು ಮುಖಕ್ಕೆ ಹಿಡಿದು “ಇಡ ಅದನ್ನ” ಅನ್ನುತ್ತಿದ್ದಳು. ನಾನು ಇಟ್ಟುಬಿಡುತ್ತಿದ್ದೆ.

ಯಲ್ಲೇಶ ನವಲಗುಂದದ ಬೀಜ-ಗೊಬ್ಬರದ ಅಂಗಡಿಯಿಂದ ಸಂಜೆಯ ಬಸ್ಸಿಗೆ ಬಂದ. (ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ, ಇಲ್ಲಿ ಬರೆಯಬಹುದು.) ನಾನು ಅತ್ತದ್ದು ನೋಡಿ ನಕ್ಕ.

“ಇಷ್ಟಕ್ಕ ಯಾಕ ಅಳತಿ? ಕ್ಯಾಸೆಟ್ ಅದಾವಲ್ಲ ನಿನ್ನ ಟ್ರಂಕಿನ್ಯಾಗ. ನಮ್ಮ ಅಂಗಡಿ ಬಾಜು ಆಸೀಫ್ ಅದಾನ, ಮೊದ್ಲ ಟೇಪ್ ರಿಪೇರಿ ಮಾಡತಿದ್ದ. ನಾಳೆ ಕೊಡು, ಮೊಬೈಲಿಗೆ ಹಾಕಿಸಿಕೊಂಡ ಬರತೇನಿ.”

ನಾನು ಹೊಲದ ಕಡೆ ಕೈ ಮಾಡಿದೆ.

ಜನವರಿ 1, ಬುಧವಾರ

ನಾನು ಹೇಳಿದ್ದು ಕೇಳಿ ಮಾವ ಟೋಪಿ ತೆಗೆದು ಗಳಕ್ಕೆ ಸಿಕ್ಕಿಸಿ ನಿಂತರು. ಗಾಳಿ ಜೋರಾಗಿತ್ತು. ಮೂರು ಎಕರೆಯೂ ಗುಂಯ್ ಅನ್ನುತ್ತಿತ್ತು.

“ನಿಮ್ಮವ್ವಂದು ಯಾವುದು ಹೇಳವಾ. ಅದನ್ನ ಮೊದ್ಲ ಬಿಚ್ಚೂಣು.”

ನಾನು ಸಾಲುಗಳ ನಡುವೆ ಕಿವಿಗೊಟ್ಟು ತಿರುಗಾಡಿದೆ. ಎಲ್ಲವೂ ಒಂದೇ ದನಿ. ಎಲ್ಲವೂ ಒಂದೇ ಕಪ್ಪು.

“ಗೊತ್ತಾಗವಲ್ದ್ರಿ ಮಾವಾರ.”

“ಹಂಗಾರ ಎಲ್ಲಾ ಬಿಚ್ಚೂಣು.”

“ಹಕ್ಕಿ ಬರತಾವ್ರಿ.”

“ತಿಂದ್ರ ತಿನ್ನಲಿ ಬಿಡವಾ.”

ಒಂದು ಜೋಳದ ದಂಟು ಮುರಿದು ಅದಕ್ಕೇ ರೀಲು ಸುತ್ತತೊಡಗಿದರು. ಅವರ ಬಲ ಭುಜ ಮೇಲೆ ಏಳುವುದಿಲ್ಲ, ಎಡಗೈಯಲ್ಲೇ ಸುತ್ತಿದರು. ಬಿಗಿಯಾದ ಕಡೆ ತುಂಡಾಗುತ್ತದೆ, ತೆನೆಗೆ ಸಿಕ್ಕ ಕಡೆ ಹರಿಯುತ್ತದೆ. ಸಂಜೆಗೆ ಆರು ದಂಟು ಆಯಿತು. ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಹೋಗಿದ್ದೆ. ಬರುವಷ್ಟರಲ್ಲಿ ಎದೆ ಕಲ್ಲಾಗಿ ಕುಬಸವೆಲ್ಲ ತೊಯ್ದಿತ್ತು. ಕುಡಿಸಲಿಕ್ಕೆ ಮೊದಲು ಕೈ ತೊಳೆದೆ. ಅಂಗೈಗೆ ಕಂದು ಮಸಿ ಹತ್ತಿತ್ತು, ಎರಡು ಸಲ ಸಬಕಾರ ಹಚ್ಚಿ ತಿಕ್ಕಬೇಕಾಯಿತು.

ನಿದ್ದೆ: ಅತ್ತೆ “ಮಲಗಿತ್ತ ತಗೋ ಬೇ” ಅಂದರು. ಎಷ್ಟೊತ್ತು ಅಂತ ಅವರು ನೋಡಿಲ್ಲ.

ಜನವರಿ 4, ಶನಿವಾರ

ನಾನೇ ನವಲಗುಂದಕ್ಕೆ ಹೋದೆ. ದಂಟುಗಳನ್ನು ಹಳೆ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಬಾಜು ಕೂತವಳು “ಕೂಸೇನ್ರಿ?” ಅಂತ ಕೇಳಿದಳು. ಹೌದು ಅಂದೆ. ಯಾಕೆ ಹಾಗೆ ಅಂದೆನೋ.

ಆಸೀಫನ ಅಂಗಡಿಯಲ್ಲಿ ಈಗ ಮೊಬೈಲ್ ಕವರು, ಚಾರ್ಜರು. ಹಿಂದಿನ ಕೋಣೆಯಲ್ಲಿ ಮಾತ್ರ ಒಂದು ಹಳೆ ಟೇಪ್ ಡೆಕ್ಕು, ಮೇಲೆ ಬಟ್ಟೆ ಹೊದಿಸಿ ಇಟ್ಟಿದ್ದಾನೆ. ಗಂಟು ಬಿಚ್ಚಿ ನೋಡಿ ಗಲ್ಲಕ್ಕೆ ಕೈ ಹಚ್ಚಿಕೊಂಡ.

“ಅಕ್ಕಾರ, ಇದು ಕ್ಯಾಸೆಟ್ಟೋ, ಕಬ್ಬಿನ ಜಲ್ಲೆನೋ?”

ನಾನು ನಗಲಿಲ್ಲ. ಅವನೂ ನಗುವುದು ಬಿಟ್ಟ. ಒಂದು ಎಳೆ ಹಿಡಿದು ಬೆರಳಿಂದ ಸವರಿದ. ಬೆರಳಿಗೆ ಕಂದು ಮಸಿ ಬಂತು.

“ಎಷ್ಟ ದಿನ ಬಿಸಲಾಗಿತ್ರಿ?”

“ಎರಡು ವಾರ.”

“ಮ್ಯಾಲ ಇಬ್ಬನಿ ಬ್ಯಾರೆ. ನಾ ಸುಳ್ಳ ಹೇಳಂಗಿಲ್ರಿ. ಈ ಮಸಿ ಐತಲ್ಲ, ದನಿ ಇರೂದು ಇದರಾಗ. ಇದು ಉದುರಿದ ಮ್ಯಾಲ ಉಳಿಯೂದು ಬರೇ ಪ್ಲಾಸ್ಟಿಕ್ ಪಟ್ಟಿ.”

ಆಮೇಲೆ ಅವನು ಏನೇನೋ ಹೇಳಿದ: ಖಾಲಿ ಕ್ಯಾಸೆಟ್ಟಿಗೆ ಸುತ್ತಿ ನೋಡುತ್ತೇನೆ, ಹರಿದಲ್ಲಿ ಅಂಟಿಸುತ್ತೇನೆ, ದಿನ ಹಿಡಿಯುತ್ತದೆ. ನಾನು ನನ್ನ ಅಂಗೈ ನೋಡಿಕೊಳ್ಳುತ್ತಿದ್ದೆ. ಮೊನ್ನೆ ಎರಡು ಸಲ ಸಬಕಾರ ಹಚ್ಚಿ ತೊಳೆದ ಅಂಗೈ.

ಜನವರಿ 9, ಗುರುವಾರ

ದಿನಾ ಹೊಲ. ಇವತ್ತಿಗೆ ಹತ್ತೊಂಬತ್ತು ದಂಟು, ಸುತ್ತಿದ್ದನ್ನು ಯಲ್ಲೇಶನ ಕೈಯಲ್ಲಿ ಆಸೀಫನಿಗೆ ಕಳಿಸುತ್ತಿದ್ದೇನೆ. ಗಿಳಿಗಳಿಗೆ ಸುದ್ದಿ ಮುಟ್ಟಿದೆ, ಹಿಂಡು ಹಿಂಡಾಗಿ ಇಳಿಯುತ್ತವೆ. ಬಾಜು ಹೊಲದ ಉಡಚಪ್ಪ ಬದುವಿನ ಮೇಲಿಂದ ಕೂಗಿದ: “ಗುಡದಪ್ಪ ಕಾಕಾ, ಗಿಳಿಗೆ ಲಗ್ನದ ಊಟ ಹಾಕೀಯೇನ?” ಮಾವ ಇನ್ನೊಂದು ದಂಟು ಮುರಿದರು.

ಆಸೀಫ ಫೋನು ಮಾಡಿದ್ದ. ಆ ಕ್ಯಾಸೆಟ್ ಕಂಪನಿಯ ಮಾಲಕರು ತೀರಿಹೋಗಿದ್ದಾರಂತೆ. ಮಗ ಹಾಡುಗಳ ಹಕ್ಕನ್ನು ನವೀಕರಿಸಲಿಲ್ಲ, ಅದಕ್ಕೇ ಆ್ಯಪಿನಿಂದ ತೆಗೆದಿದ್ದಾರೆ. ಮೂಲ ಟೇಪುಗಳು ಗೋದಾಮು ಖಾಲಿ ಮಾಡುವಾಗ ಗುಜರಿಗೆ ಹೋದವಂತೆ.

ಮನೆಗೆ ಬಂದಾಗ ಕೂಸು ಮಲಗಿತ್ತು. ಅತ್ತೆ ತೊಟ್ಟಿಲ ಹತ್ತಿರ ಏನೋ ಗೊಣಗುತ್ತ ಕೂತಿದ್ದರು, ನನ್ನನ್ನು ನೋಡಿ ಸುಮ್ಮನಾದರು. ಬಾಟಲಿಯಲ್ಲಿ ಆಕಳ ಹಾಲು ಕುಡಿಸಿದ್ದಾರೆ, ನರ್ಸಬಾಯಿಯನ್ನು ಕೇಳಿಕೊಂಡೇ. ಒಳ್ಳೆಯದೇ ಆಯಿತು. ಇತ್ತೀಚೆಗೆ ಎದೆ ಬಿಗಿಯುವುದೂ ಇಲ್ಲ, ಹೊಲದಲ್ಲಿ ಕೆಲಸ ಸಸಾರ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಯಲ್ಲೇಶ ರಜೆ ಹಾಕಿ ಮನೆಯಲ್ಲಿದ್ದ. ನಾನು ಹೊಲಕ್ಕೆ ಹೊರಟೆ.

“ಇವತ್ತರ ಕೂಸಿನ ಮುಂದ ಕುಂದರ ಬೇ. ನಿನ್ನ ಮುಖಾ ಮರತೀತು.”

“ಎರಡ ಗಳ ಉಳದಾವ್ರಿ.”

“ಸತ್ತಾಕಿ ಬರಂಗಿಲ್ಲ, ಶಿವಾನಿ.”

“ಆಕಿ ಬರೂದು ಬ್ಯಾಡ. ದನಿ ಬಂದ್ರ ಸಾಕು.”

ಅವನು ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಎರಡು ಗಳವನ್ನೂ ಮುಗಿಸಿಬಿಟ್ಟೆ. ಹೊಲದಲ್ಲಿ ಈಗ ಯಾವ ಸಪ್ಪಳವೂ ಇಲ್ಲ, ಗಿಳಿಗಳದ್ದು ಬಿಟ್ಟು.

ಅವ್ವನ ಪದದ ಮೂರನೆಯ ನುಡಿ ನೆನಪಿಗೆ ಬರುತ್ತಿಲ್ಲ. ಮೊದಲನೆಯದು ಬರುತ್ತದೆ:

ಅಳಬ್ಯಾಡ ನನ ಕೂಸ ಅಂಗಳಕ ಬೆಳಕಿಲ್ಲ
ಹೊಳಿದಂಡಿಗ್ಹೋದ ನಿಮ್ಮಪ್ಪ, ಬರುವಾಗ
ಎಳಿಬಿಸಿಲ ಕಟ್ಟಿ ತರತಾನ.

ಎರಡನೆಯದು ಅರ್ಧ ಬರುತ್ತದೆ. ಮೂರನೆಯದು ಇಲ್ಲ. ಅದರಲ್ಲಿ ಹಕ್ಕಿ ಇತ್ತು ಅನಿಸುತ್ತದೆ. ದಿನಕ್ಕೆ ಎಂಟು ಸಲ ಕೇಳಿದ ಪದ. ಮೊಬೈಲಿನಲ್ಲಿ ಇದೆಯಲ್ಲ ಎಂದು ಕಲಿತುಕೊಳ್ಳಲೇ ಇಲ್ಲ.

ಜನವರಿ 21, ಮಂಗಳವಾರ

ಆಸೀಫ ಕರೆದಿದ್ದ. ಹಿಂದಿನ ಕೋಣೆಯಲ್ಲಿ ಸ್ಟೂಲು ಹಾಕಿ ಕೂರಿಸಿದ. ಹದಿನೇಳು ದಿನ, ಗಿರಾಕಿ ಇಲ್ಲದಾಗೆಲ್ಲ ಇದೇ ಕೆಲಸ ಮಾಡಿದ್ದಾನಂತೆ. ಇಪ್ಪತ್ತೆರಡು ಕ್ಯಾಸೆಟ್ಟಿನ ಪೈಕಿ ಹೆಚ್ಚಿನದೆಲ್ಲ ಬರೀ ಸ್ಸ್... ಎಲ್ಲೋ ಒಂದು ತುಣುಕು ಭಜನೆ, ಒಂದು ತುಣುಕು ಯಾವುದೋ ನಾಟಕದ ನಗೆ.

“ಇದೊಂದ ಕೇಳ್ರಿ. ಬಳಿ ಸಪ್ಪಳ ಅಂದಿದ್ರಲ್ಲ, ಅದಕ್ಕ ತಗದಿಟ್ಟೇನಿ.”

ಹಚ್ಚಿದ. ಬಳೆ. ಹೌದು, ಬಳೆ, ಅವ್ವನ ಕೈಯೇ. ಆಮೇಲೆ ದನಿ ಬಂತು. ಗಂಡಸಿನ ದನಿಯ ಹಾಗೆ ದಪ್ಪ, ನೀರಿನೊಳಗಿಂದ ಬಂದ ಹಾಗೆ, ಎಳೆದು, ಎಳೆದು. “ಅ... ಳ... ಬ್ಯಾ...”

“ಗಳಕ್ಕ ಜಗ್ಗಿ ಕಟ್ಟೀರಿ. ರೀಲ್ ಹಿಗ್ಗೇತಿ. ಹಿಗ್ಗಿದ್ದಕ್ಕ ದನೀನೂ ಹಿಗ್ಗೇತಿ. ಸ್ಪೀಡ್ ಮಾಡಿ ನೋಡಿದೆ, ಒಂದ ಕಡೆ ಹಿಗ್ಗೇತಿ, ಒಂದ ಕಡೆ ಇಲ್ಲ. ಇದಕ್ಕಿಂತ ಆಗಂಗಿಲ್ರಿ ಅಕ್ಕಾರ.”

ನಲವತ್ತೊಂದು ಸೆಕೆಂಡು. ನಂತರ ಸ್ಸ್...

ಮೊಬೈಲಿಗೆ, ಪೆನ್ ಡ್ರೈವಿಗೆ, ಒಂದು ಮೆಮರಿ ಕಾರ್ಡಿಗೆ ಹಾಕಿ ಕೊಟ್ಟ. “ಮೂರು ಕಡೆ ಇಟ್ಕೋರ್ರಿ. ಒಂದ ಕಡೆ ಇದ್ರ ಇಲ್ಲದಂಗ.” ನಾನು ಎಷ್ಟು ಅಂತ ಕೇಳಿದರೆ ಡೆಕ್ಕಿಗೆ ಬಟ್ಟೆ ಹೊದಿಸುತ್ತ, “ನಮ್ಮ ಅಮ್ಮೀ ದನೀನೂ ಹಿಂಗ ಹೋತು” ಅಂದ, ಅಷ್ಟೇ.

ಜನವರಿ 22, ಬುಧವಾರ

ಬೆಳಗ್ಗೆ ಕೂಸು ಕಣ್ಣುಜ್ಜುವಾಗ ತೊಟ್ಟಿಲ ಪಕ್ಕ ಮೊಬೈಲ್ ಇಟ್ಟು ಹಚ್ಚಿದೆ. ತವರಿನಿಂದ ಬಂದ ಕಲಘಟಗಿ ತೊಟ್ಟಿಲು, ಅದರ ಕೆಂಪು ಗಿಣಿಗಳನ್ನೇ ನೋಡುತ್ತ ಮಲಗಿತ್ತು. ಬಳೆಯ ಸಪ್ಪಳಕ್ಕೆ ಸುಮ್ಮನಾಯಿತು. ಆಮೇಲೆ ಆ ದನಿ ಬಂತು. ಕೂಸಿನ ತುಟಿ ಇಳಿಯಿತು, ಗಲ್ಲ ನಡುಗಿತು, ಉಸಿರು ಹಿಡಿದು ಕಿಟಾರನೆ ಚೀರಿತು. ನಾನು ನಿಲ್ಲಿಸಲಿಲ್ಲ. ಮುಗಿಯುವ ತನಕ ಕೇಳಲಿ, ಗುರುತು ಹತ್ತೀತು ಅಂದುಕೊಂಡೆ. ಮತ್ತೊಮ್ಮೆ ಹಚ್ಚಿದೆ.

ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದರು. “ಯವ್ವಾ ನಿನಗೇನ್ ಬಂದೇತಿ! ಅದನ್ನ ಬಂದ್ ಮಾಡ!”

ಕೂಸನ್ನು ಎದೆಗೆ ಒತ್ತಿಕೊಂಡು ತಿರುಗಾಡುತ್ತ ಹಾಡತೊಡಗಿದರು. ಅತ್ತೆಗೆ ರಾಗವಿಲ್ಲ, ರೊಟ್ಟಿ ಬಡಿಯುವ ತಾಳ. ಒಡಕು ದನಿ. ಅವ್ವನ ಪದ. ಮೊದಲನೆಯ ನುಡಿ, ಎರಡನೆಯ ನುಡಿ ಪೂರ್ತಿ, ಆಮೇಲೆ:

ಹಾಲಗಾಳಿನ ತೆನಿಗೆ ಸಾಲಗಿಳಿ ಬಂದಾವ
ಕಾಲಸಪ್ಪಳ ಬ್ಯಾಡ ನನ ಕಂದ, ತಿನ್ನಲಿ
ಪಾಲಿಗುಳಿದದ್ದ ನಮಗಿರಲಿ.

ನಿಲ್ಲದೆ ಅದೇ ಉಸಿರಿನಲ್ಲಿ, ಅದೇ ತಾಳದಲ್ಲಿ: “ನಗನಗುತ ಹಲ್ಲ ತಿಕ್ಕಿರಿ, ಫಳಫಳ ಫಳಫಳ!”

ಕೂಸು ಅತ್ತೆಯ ಹೆಗಲ ಮೇಲೆ ಕಣ್ಣು ಮುಚ್ಚಿತ್ತು.

“ಯಾವಾಗ ಕಲತ್ರಿ?”

“ಕಲಿಯೂದೇನ್ ಬಂತು? ನಾಲ್ಕ ತಿಂಗಳಾತು, ದಿನಾ ಕಿವ್ಯಾಗ ಬೀಳತಿತ್ತು.”

“ಆ ಹಲ್ಲಿಂದು ಬ್ಯಾಡ್ರಿ ಅತ್ತಿ.”

“ಅದು ಬಿಟ್ರ ಇದು ಮಲಗಂಗಿಲ್ಲ ಬೇ. ಬಿಟ್ಟು ನೋಡೇನಿ.”

ಫೆಬ್ರವರಿ 6, ಗುರುವಾರ

ಜೋಳ ಕೊಯ್ದಾಯಿತು. ಅರ್ಧದಷ್ಟೂ ಬರಲಿಲ್ಲ. ಮಾವ ಆ ಮಾತು ಎತ್ತಿಲ್ಲ. ನಿನ್ನೆ ಕೊಯ್ಯುವಾಗ ಒಂದು ದಂಟಿಗೆ ಸುತ್ತಿಕೊಂಡಿದ್ದ ಗೇಣುದ್ದ ರೀಲು ಸಿಕ್ಕಿತಂತೆ, ಟೋಪಿಯಲ್ಲಿಟ್ಟು ತಂದುಕೊಟ್ಟರು. ಟ್ರಂಕಿಗೆ ಹಾಕಿದೆ.

ಮಧ್ಯಾಹ್ನ ಅವ್ವನ ದನಿಯಲ್ಲಿ ಆ ಪದ ನೆನೆಯಬೇಕೆಂದು ಕಣ್ಣು ಮುಚ್ಚಿ ಕೂತೆ. ಬಂದದ್ದು ಅತ್ತೆಯ ದನಿ. ಮತ್ತೆ ಪ್ರಯತ್ನ ಮಾಡಿದೆ. ಅತ್ತೆಯದೇ. ಇನ್ನೂ ಒಳಗೆ ಹೋದರೆ ಆ ನಲವತ್ತೊಂದು ಸೆಕೆಂಡು. ಅದರಾಚೆ ಏನೂ ಇಲ್ಲ.

ಅತ್ತೆ ಕೂಸನ್ನು ಮಲಗಿಸುವಾಗ ಮೊಬೈಲ್ ಎತ್ತಿದೆ. ಸೆರಗನ್ನು ಮುಖಕ್ಕೆ ಹಿಡಿದುಕೊಂಡರು.

“ನಾ ಇನ್ನಾ ಸತ್ತಿಲ್ಲ ಬೇ. ಇಡ ಅದನ್ನ.”

ಇಟ್ಟೆ. ಗೋಡೆಯ ಮಾಡದಲ್ಲಿ, ಕವುಚಿ. ರೆಕಾರ್ಡಿಂಗ್ ಆರಿಸದೆ.

ಈಗ ಕೂತು ಕೇಳಿದೆ. ಹದಿನಾಲ್ಕು ನಿಮಿಷ ಬಂದಿದೆ. ಅತ್ತೆಯ ಪದ, ಮೂರೂ ನುಡಿ, ಟೂತ್‌ಪೇಸ್ಟು. ತೊಟ್ಟಿಲ ಕೊಂಡಿಯ ಕಿರ್ ಕಿರ್. ಹೊರಗೆ ಮಾವನ ಕೆಮ್ಮು. ಕೂಸು ಮಲಗಿ, ಸ್ವಲ್ಪ ಹೊತ್ತಿಗೇ ಎದ್ದು ಊಂ ಊಂ ಅಂತ ಮಾತಾಡುತ್ತದೆ. ಕೊನೆಯಲ್ಲಿ ಅತ್ತೆ ಕರೆಯುತ್ತಾರೆ: “ಶಿವಾನೀ, ರೊಟ್ಟಿ ಮಾಡೂದೈತಿ, ಬಾ, ಎತ್ಕೋ ಇದನ್ನ.” ಸ್ವಲ್ಪ ಬಿಟ್ಟು: “ಶಿವಾನೀ.” ಮತ್ತೂ ಸ್ವಲ್ಪ ಬಿಟ್ಟು, ಕೂಸಿಗೆ, ಸಣ್ಣಗೆ: “ಬಾ, ನನ್ನ ಸಂಗಾಟನ ಬಾ.”

ನಾನು ಅಲ್ಲೇ ಬಾಗಿಲ ಬಳಿ ನಿಂತಿದ್ದೆ. ಓ ಅಂದೆ ಅಂತಲೇ ನನಗೆ ನೆನಪು. ಹಿಂದೆ ಮುಂದೆ ಮಾಡಿ ಮೂರು ಸಲ ಕೇಳಿದೆ. ನನ್ನ ದನಿ ಎಲ್ಲೂ ಇಲ್ಲ.

ಆ ಹದಿನಾಲ್ಕು ನಿಮಿಷವನ್ನೂ ಮೂರು ಕಡೆ ಇಟ್ಟುಕೊಂಡೆ.